ಷಡಕ್ಷರಿಯ ಪಂಕ್ತಿ ಯಂತ್ರ

"ಅಕ್ಕಾ, ಕೂತ್ಕೋ. ಎಲೆ ಮಡಚು. ಆಮೇಲೆ ನೋಡು ಮಜಾ!"

ನನ್ನ ತಮ್ಮ ಷಡಕ್ಷರಿ ಹೀಗೆ ಅಂದಾಗಲೆಲ್ಲ ನಾನು ಮೊದಲು ಸೆರಗು ಬಿಗಿ ಮಾಡಿಕೊಳ್ಳುತ್ತೇನೆ. ಅನುಭವ! ಅರಸೀಕೆರೆಯಲ್ಲಿ ಅವನಿಗೊಂದು ಮೋಟಾರ್ ರಿವೈಂಡಿಂಗ್ ಅಂಗಡಿಯಿದೆ. ಊರವರ ಪಂಪ್‌ಸೆಟ್ಟುಗಳೆಲ್ಲ ಅಲ್ಲಿ ಅಂಗಾತ ಬಿದ್ದಿರುತ್ತವೆ, ಇವನು ಮಾತ್ರ ಯಾರೂ ಕೇಳದ ಯಂತ್ರಗಳನ್ನು ಕಟ್ಟುತ್ತಿರುತ್ತಾನೆ. ಈಚೆಗೆ ಮೊಬೈಲ್ ನೋಡಿಕೊಂಡೇ ಕಂಪ್ಯೂಟರ್ ಪ್ರೋಗ್ರಾಮ್ ಬರೆಯುವುದನ್ನು ಬೇರೆ ಕಲಿತಿದ್ದ. ಕೋತಿಗೆ ಹೆಂಡ ಕುಡಿಸಿದ ಹಾಗಾಗಿತ್ತು.

ಅಂದು ನಾವಿದ್ದದ್ದು ಸಮುದಾಯ ಭವನದ ಊಟದ ಹಾಲ್‌ನಲ್ಲಿ. ಮರುದಿನ ನನ್ನ ಮಗಳು ದಾಕ್ಷಾಯಿಣಿಯ ನಿಶ್ಚಿತಾರ್ಥ. ಹಾಲ್‌ನ ಉದ್ದಕ್ಕೂ ಷಡಕ್ಷರಿ ಕಬ್ಬಿಣದ ಹಳಿ ಹಾಸಿದ್ದ. ಹಳಿಯ ಮೇಲೆ ಪಕ್ಕಪಕ್ಕಕ್ಕೆ ಸಾಲಾಗಿ ಪುಟ್ಟ ಗಾಡಿಗಳು. ಒಂದೊಂದು ಗಾಡಿಗೂ ಒಂದು ಕುರ್ಚಿ, ಕುರ್ಚಿಯ ಮುಂದೆ ಎಲೆ ಹಾಸುವಷ್ಟು ಹಲಗೆ. ಮೇಲೆ ತೊಲೆಗೆ ಒಂದು ಕ್ಯಾಮೆರಾ ನೇತಾಡುತ್ತಿತ್ತು.

ನಾನು ಐದನೇ ನಂಬರಿನ ಜಾಗದಲ್ಲಿ ಕೂತು ಖಾಲಿ ಎಲೆಯನ್ನು ಮಡಚಿದೆ. ಕ್ಯಾಮೆರಾ ಕೆಂಪಗೆ ಕಣ್ಣು ಬಿಟ್ಟಿತು. ನನ್ನ ಗಾಡಿ ಸುಯ್ಯೆಂದು ಸಾಲಿನಿಂದ ಹಿಂದೆ ಸರಿದು, ತಿರುಗಿ, ನನ್ನನ್ನು ನೇರ ಕೈ ತೊಳೆಯುವ ನಲ್ಲಿಯ ಮುಂದೆ ತಂದು ನಿಲ್ಲಿಸಿತು! ಅಷ್ಟರಲ್ಲಿ ಹಿಂದಿನ ಗಾಡಿಗಳೆಲ್ಲ ಒಂದೊಂದು ಜಾಗ ಮುಂದೆ ಬಂದು, ನಡುವೆ ಸಂದಿಯೇ ಇರದಂತೆ ಸಾಲು ಮುಚ್ಚಿಕೊಂಡಿತ್ತು.

"ಹೆಂಗೆ? ಇನ್ನು ಮದುವೆ ಮನೇಲಿ ಉಣ್ಣೋರ ಬೆನ್ನ ಹಿಂದೆ ಯಾರೂ ಕುರ್ಚಿ ಹಿಡ್ಕೊಂಡು ನಿಲ್ಲಂಗಿಲ್ಲ!" ಅಂದ ಷಡಕ್ಷರಿ.

ನಿಜ ಹೇಳಬೇಕೆಂದರೆ ನನಗೂ ಖುಷಿಯಾಯಿತು. ಈಗಿನ ಮದುವೆಗಳಲ್ಲಿ ನಾವು ಹಪ್ಪಳ ಮುರಿಯುವಾಗಲೇ ಹಿಂದೊಬ್ಬರು ಬಂದು ನಿಂತು, 'ಇವಳದು ಇನ್ನೂ ಮೊಸರನ್ನ ಬಾಕಿ' ಎಂದು ನಮ್ಮ ಕುತ್ತಿಗೆಯ ಮೇಲೆ ಉಸಿರು ಬಿಡುತ್ತಾರಲ್ಲ, ಅಂಥವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ.

"ಒಳಗೆ ಏನು ಮಾಡಿದೀಯೋ?" ಎಂದು ಕೇಳಿದೆ.

"ತುಂಬ ಸುಲಭ ಕಣಕ್ಕ. ಪ್ರೋಗ್ರಾಮ್‌ನಲ್ಲಿ ಪಟ್ಟಿ ಅಂದ್ರೆ ಒಂದು ಸಾಲು. ಎಷ್ಟನೇ ಜಾಗ ಅಂತ ಹೇಳಿದ್ರೆ ಸಾಕು, ಆ ಜಾಗದಲ್ಲಿರೋದನ್ನ ತೆಗೆದು ಹಾಕ್ತದೆ. ಕ್ಯಾಮೆರಾ ಒಂದ್ಸಲ ಕಣ್ಣು ಬಿಟ್ಟು ಯಾವ್ಯಾವ ಜಾಗದಲ್ಲಿ ಎಲೆ ಮಡಚಿದಾರೆ ಅಂತ ನೋಡ್ಕೊಂತದೆ. ಆಮೇಲೆ ಒಂದೊಂದಾಗಿ ಆ ಜಾಗಗಳನ್ನ ಎಳೀತದೆ. ಹೆಸರು ಬೇಡ, ಊರು ಬೇಡ, ನಂಬರ್ ಸಾಕು."

"ಅಂದ್ರೆ ಜನಾನ ನೋಡಲ್ಲ?"

"ಜಾಗ ನೋಡ್ತದೆ."

ಆಗಲೇ ನಮ್ಮ ಯಜಮಾನರು ಒಳಗೆ ಬಂದು ನೆಲ ನೋಡಿದರು. ಹಳಿಯ ಪಕ್ಕ ಬಿಳಿ ಬಣ್ಣದಲ್ಲಿ ಜಾಗದ ನಂಬರುಗಳನ್ನು ಬರೆದಿತ್ತು. ಗಾಡಿ ಸರಿದರೂ ನೆಲದ ನಂಬರು ಸರಿಯುವುದಿಲ್ಲವಲ್ಲ, ಅದಕ್ಕೆ.

"ಏನಯ್ಯ ಇದು, ಮೊದಲನೇ ಜಾಗಕ್ಕೆ ಸೊನ್ನೆ ಬರ್ದಿದೀಯ?"

"ಪ್ರೋಗ್ರಾಮ್‌ನಲ್ಲಿ ಎಣಿಕೆ ಸೊನ್ನೆಯಿಂದ್ಲೇ ಶುರು ಭಾವ."

"ಅಲ್ಲಿ ಕೂರೋದು ಬೀಗರ ತಂದೆ ಕಣಯ್ಯ! ಎಂಬತ್ತು ದಾಟಿರೋ ಹಿರೀಕರಿಗೆ ಸೊನ್ನೆನಾ?"

"ಸೊನ್ನೆಗಿಂತ ಮುಂದೆ ಯಾರೂ ಇರಲ್ಲ ಭಾವ. ಅದು ಗೌರವದ ಜಾಗ!"

"ನಿನ್ನ ಮಾರ್ಕ್ಸ್ ಕಾರ್ಡಿನ ತುಂಬ ಅದೇ ಗೌರವ ಇತ್ತು, ಗೊತ್ತು ಬಿಡು!"

ಇಬ್ಬರನ್ನೂ ಬಿಡಿಸಲು ನಾನೇ ಆ ಸೊನ್ನೆಯ ಮೇಲೆ ರಂಗೋಲಿ ಹಾಕಿದೆ. ಯಂತ್ರ ಬೇಡವೆಂದು ಅಂದೇ ಖಡಾಖಂಡಿತವಾಗಿ ಹೇಳಬಹುದಿತ್ತು. ಆದರೆ ಸೋದರಮಾವನಾದವನು ದಾಕ್ಷಿಯ ನಿಶ್ಚಿತಾರ್ಥಕ್ಕೆ ತನ್ನ ಕಾಣಿಕೆ ಇದು ಎಂದು ಕಣ್ಣರಳಿಸಿ ನಿಂತಿದ್ದ. ತಮ್ಮಂದಿರ ಮುಖ ನೋಡಿ ಬೇಡ ಅನ್ನುವ ವಿದ್ಯೆಯನ್ನು ನಮ್ಮವ್ವ ನನಗೆ ಕಲಿಸಿಲ್ಲ.

ಮರುದಿನ ಕಡೂರಿನಿಂದ ಬೀಗರು ಬಂದರು. ಹುಡುಗನನ್ನು ದಾಕ್ಷಿ ತಾನೇ ಮೆಚ್ಚಿದ್ದು. ಹುಡುಗ ಬಂಗಾರ, ಆದರೆ ಅವನ ತಂದೆ ಗುರುಪಾದಪ್ಪನವರು ಮರ್ಯಾದೆಯ ಮನುಷ್ಯ. ಮರ್ಯಾದೆ ಕೊಡುವುದಕ್ಕಿಂತ ಬಂತೋ ಇಲ್ಲವೋ ಎಂದು ನೋಡುವುದರಲ್ಲಿ ಅವರ ಹೊತ್ತು ಹೋಗುತ್ತದೆ. ಅವರನ್ನು ಒಪ್ಪಿಸುವಷ್ಟರಲ್ಲಿ ನಮ್ಮ ಯಜಮಾನರ ಚಪ್ಪಲಿ ಸವೆದಿತ್ತು. ಒಳ್ಳೆಯ ಗಳಿಗೆ ಇದ್ದದ್ದು ಮಧ್ಯಾಹ್ನದ ಮೇಲೆ. ಹಾಗಾಗಿ ಊಟ ಮೊದಲು, ತಾಂಬೂಲ ಆಮೇಲೆ. ತಾಂಬೂಲ ಬದಲಾಗುವವರೆಗೆ ಸಂಬಂಧ ಇದ್ದೂ ಇಲ್ಲದ ಹಾಗೆ. ಹೋಳಿಗೆ ಬಡಿಸುವಾಗಲೂ ನನ್ನ ಕಣ್ಣು ಗುರುಪಾದಪ್ಪನವರ ಮುಖದ ಮೇಲೇ ಇತ್ತು.

ಬೀಗರ ಕಡೆಯವರೆಲ್ಲ ಮೊದಲ ಪಂಕ್ತಿಗೆ ಕೂತರು. ಅವರಿಗೆ ಜೊತೆಯಾಗಿ ನಮ್ಮ ಕಡೆಯ ಒಂದಿಬ್ಬರು. ರಂಗೋಲಿಯ ಜಾಗದಲ್ಲಿ ಗುರುಪಾದಪ್ಪನವರ ತಂದೆ ರೇವಣಪ್ಪಜ್ಜ. ಬಾಯಲ್ಲಿ ಉಳಿದಿದ್ದ ನಾಲ್ಕು ಹಲ್ಲುಗಳೂ ಒಂದಕ್ಕೊಂದು ಎದುರಾಗಿ ಇರಲಿಲ್ಲ. ಅಜ್ಜ ಹೋಳಿಗೆಯನ್ನು ಚೂರು ಚೂರು ಮಾಡಿ, ತುಪ್ಪದಲ್ಲಿ ನೆನೆಸಿ, ಒಂದೊಂದು ತುತ್ತನ್ನೂ ಮಾತಾಡಿಸಿ ಒಳಗೆ ಕಳಿಸುತ್ತಿದ್ದರು.

ಸ್ವಲ್ಪ ಹೊತ್ತಿಗೆ ನೆಲದ ನಂಬರು ಮೂರು, ಐದು, ಎಂಟರಲ್ಲಿ ಕೂತವರು ಎಲೆ ಮಡಚಿದರು. ಕ್ಯಾಮೆರಾ ಕಣ್ಣು ಬಿಟ್ಟಿತು. ಷಡಕ್ಷರಿ ಅಡುಗೆಮನೆಯ ಬಾಗಿಲಲ್ಲಿ ತನ್ನ ಪೆಟ್ಟಿಗೆಯ ಮುಂದೆ ಎದೆ ಸೆಟೆಸಿ ನಿಂತ.

ಮೂರರವರು ಸುಯ್ಯೆಂದು ಹೋದರು. ಎಲ್ಲರೂ "ಓಹೋ!" ಎಂದರು. ಸಾಲು ಮುಂದೆ ಸರಿಯಿತು. ಆಮೇಲೆ ಯಂತ್ರ ಐದನ್ನು ಎಳೆಯಿತು. ಆದರೆ ಎಲೆ ಮಡಚಿದ್ದ ಐದರವರು ಆಗಲೇ ನಾಲ್ಕಕ್ಕೆ ಸರಿದಿದ್ದರಲ್ಲ! ಈಗ ಐದರಲ್ಲಿ ಇದ್ದದ್ದು ಹುಡುಗನ ಸೋದರಮಾವ. ಅವರ ಒಂದು ಕೈಯಲ್ಲಿ ಹೋಳಿಗೆ, ಇನ್ನೊಂದು ಕೈ 'ತುಪ್ಪ ಹಾಕಿ' ಎಂದು ಚಾಚಿತ್ತು. ತುಪ್ಪದವನು ಬಗ್ಗುವಷ್ಟರಲ್ಲಿ ಮನುಷ್ಯನೇ ಇಲ್ಲ! ತುಪ್ಪವೆಲ್ಲ ಮುಂದೆ ಸರಿದು ಬಂದವರ ತೊಡೆಯ ಮೇಲೆ. ಎಂಟರ ಸರದಿಯಲ್ಲಿ, ಆಗಷ್ಟೇ ಸಾರಿಗೆ ಗುಳಿ ಮಾಡಿಕೊಳ್ಳುತ್ತಿದ್ದ ನಮ್ಮ ಎದುರುಮನೆಯ ಮೇಷ್ಟ್ರು ಹೋದರು.

"ಅಯ್ಯಯ್ಯೋ, ನನ್ನ ಅನ್ನ!" ಎಂಬ ಅವರ ಕೂಗು ನಲ್ಲಿಯವರೆಗೂ ಕೇಳಿಸಿತು.

ಊಟ ಮುಗಿಸಿ ಎಲೆ ಮಡಚಿ ಕೂತಿದ್ದವರಿಬ್ಬರು ಮಾತ್ರ ಕೂತಲ್ಲೇ ಕೂತಿದ್ದರು. ಬಡಿಸುವವರು ಇವರಿನ್ನೂ ಏಳಲಿಲ್ಲವೆಂದು ಮತ್ತೆ ಎಲೆ ಹಾಕಿ ಅನ್ನ ಬಡಿಸಿದರು!

"ಏನಯ್ಯ ನಿನ್ನ ಯಂತ್ರ?" ಯಜಮಾನರು ಹಲ್ಲು ಕಡಿದರು. "ಉಣ್ಣೋರ್ನ ಎಬ್ಬಿಸ್ತದೆ, ಉಂಡೋರಿಗೆ ಬಡಿಸ್ತದೆ!"

"ಗೊತ್ತಾಯ್ತು ಭಾವ! ಒಬ್ಬರು ಎದ್ದ ಮೇಲೆ ಹಿಂದಿನೋರು ಒಂದು ಜಾಗ ಮುಂದೆ ಬರ್ತಾರೆ. ಮೊದಲನೇವ್ರನ್ನ ಬಿಟ್ಟು ಉಳಿದೋರಿಗೆಲ್ಲ ಒಂದು ಕಳೆದ್ರೆ ಆಯ್ತು!"

ಅವನು ಮೊಬೈಲಿನಲ್ಲಿ ಪಟಪಟ ಒತ್ತುತ್ತಿದ್ದಾಗ ನನ್ನ ಮನಸ್ಸು ಎಲ್ಲಿಗೋ ಹೋಯಿತು. ನಮ್ಮತ್ತೆ ತೀರಿಕೊಂಡ ವರ್ಷ ಗೌರಿ ಹಬ್ಬದಲ್ಲಿ ಮೊದಲ ಕುಂಕುಮ ನನ್ನ ಹಣೆಗೆ ಬಂತು. ನಾನು ಹಿಂದೆ ತಿರುಗಿ ನೋಡಿದೆ, ಇದು ಯಾರಿಗೆ ಎಂದು. ನಾನೇ ಮನೆಯ ಹಿರಿಯಳೆಂದು ಯಾರೂ ಬಂದು ಹೇಳಿರಲಿಲ್ಲ. ಮುಂದಿನವರು ಎದ್ದಿದ್ದರು, ನಾನು ಕೂತಲ್ಲೇ ಸರಿದುಬಿಟ್ಟಿದ್ದೆ. ಈಗಲೂ ಯಾರಾದರೂ 'ದೊಡ್ಡಮ್ಮನವರೇ' ಎಂದರೆ ನನಗೆ ಅತ್ತೆಯ ನೆನಪಾಗಿ ಸಂಕಟವಾಗುತ್ತದೆ.

"ಆಯ್ತು!" ಎಂದ ಷಡಕ್ಷರಿ. ಈ ಸಲವೂ ಮೂವರು ಎಲೆ ಮಡಚಿದ್ದರು. ಮೊದಲನೆಯವರು ಸರಿಯಾಗಿ ಹೋದರು. ಒಂದು ಕಳೆದದ್ದರಿಂದ ಎರಡನೆಯವರೂ ಸರಿಯಾಗಿ ಹೋದರು. ನಾನು ಮನೆದೇವರಿಗೆ ಕಾಯಿ ಹೇಳಿಕೊಂಡೆ. ಅಷ್ಟರಲ್ಲಿ ಮೂರನೆಯವರು! ಅವರ ಮುಂದೆ ಇಬ್ಬರು ಎದ್ದಿದ್ದರಲ್ಲ, ಅವರು ಎರಡು ಜಾಗ ಸರಿದಿದ್ದರು. ಯಂತ್ರ ಒಂದನ್ನೇ ಕಳೆದಿತ್ತು. ಹೋದವರು ಗುರುಪಾದಪ್ಪನವರ ಹೆಂಡತಿ. ತುಟಿಗೆ ಹಿಡಿದಿದ್ದ ಪಾಯಸದ ಲೋಟ ಕೈಯಲ್ಲೇ ಇತ್ತು, ಪಾಯಸ ಮಾತ್ರ ರೇಷ್ಮೆ ಸೀರೆಯ ಮೇಲೆ.

ಯಜಮಾನರು ಓಡಿಹೋಗಿ ಗೋಡೆಯ ಫ್ಯೂಸ್ ಕಿತ್ತರು. ಫ್ಯಾನ್ ನಿಂತಿತು, ದೀಪ ಹೋಯಿತು. ಕ್ಯಾಮೆರಾದ ಕೆಂಪು ಕಣ್ಣು ಹಾಗೇ ಇತ್ತು.

"ಭಾವ, ಕರೆಂಟ್ ಹೋದ್ರೂ ನಿಲ್ಲಬಾರದು ಅಂತ ಬ್ಯಾಟರಿ ಇಟ್ಟಿದೀನಿ! ನಿಲ್ಲಿಸೋಕೆ ಆಗಲ್ಲ!" ಹೆಮ್ಮೆ ಬೇರೆ!

ಇಷ್ಟಾದ ಮೇಲೆ ಎಲೆ ಮಡಚಲು ಯಾರಿಗಿದೆ ಧೈರ್ಯ? ಉಂಡು ಮುಗಿಸಿದವರೂ ಬಿಮ್ಮನೆ ಕೂತರು. ಮಡಚಿದರೆ ಪಕ್ಕದವರು ಹೋಗುತ್ತಾರೆ! ಅಣ್ಣತಮ್ಮಂದಿರು ಕೂಡ 'ನೀನು ಮಡಚಬೇಡ, ನಾನಿನ್ನೂ ಉಣ್ಣುತ್ತಿದ್ದೇನೆ' ಎಂದು ಒಬ್ಬರ ಕೈಯನ್ನೊಬ್ಬರು ಹಿಡಿದುಕೊಂಡರು. ಷಡಕ್ಷರಿ ತಲೆ ಕೆರೆದುಕೊಂಡು ಎರಡು ಬದಲಾವಣೆ ಮಾಡಿದ. ಒಂದು, ಮಡಚದಿದ್ದರೂ ಎಲೆ ಖಾಲಿಯಿದ್ದರೆ ಊಟ ಮುಗಿದಂತೆ. ಇನ್ನೊಂದು, ತೆಗೆಯುವುದನ್ನು ಸಾಲಿನ ಕೊನೆಯಿಂದ ಶುರು ಮಾಡುವುದು.

"ಹಿಂದಿನವ್ರು ಎದ್ರೆ ಮುಂದಿನವ್ರ ಜಾಗ ಅಲುಗಾಡಲ್ಲ ಕಣಕ್ಕ! ನಂಬರ್ ತಪ್ಪೋ ಮಾತೇ ಇಲ್ಲ. ಇಷ್ಟು ಸುಲಭದ್ದು ಮೊದಲೇ ಹೊಳೀಲಿಲ್ಲ ನೋಡು!"

ಈ ಸಲ ಯಂತ್ರ ಒಂದು ತಪ್ಪನ್ನೂ ಮಾಡಲಿಲ್ಲ. ಬಾಲದಿಂದ ಒಬ್ಬೊಬ್ಬರೇ, ಉಂಡವರೇ, ನೀಟಾಗಿ ನಲ್ಲಿಗೆ ಹೋದರು. ಬಡಿಸುವವರು ಚಪ್ಪಾಳೆ ತಟ್ಟಿದರು. ಗುರುಪಾದಪ್ಪನವರೂ ತೇಗುತ್ತಾ ಹೋದರು. ಷಡಕ್ಷರಿ ನನ್ನ ಕಡೆ ನೋಡಿ ಮೀಸೆ ತಿರುವಿದ.

ಆಮೇಲೆ ನಾನು ಸಾಲಿನ ಕಡೆ ತಿರುಗಿದೆ. ಅಷ್ಟುದ್ದದ ಹಳಿಯ ತುದಿಯಲ್ಲಿ, ರಂಗೋಲಿಯ ಪಕ್ಕ, ರೇವಣಪ್ಪಜ್ಜ ಒಬ್ಬರೇ ಕೂತಿದ್ದರು. ಅವರ ಎಲೆಯಲ್ಲಿ ಇನ್ನೂ ಒಂದು ಮುಟ್ಟದ ಹೋಳಿಗೆ, ಅನ್ನ, ಪಲ್ಯ ಇತ್ತು. ಅವರು ತಲೆಯೆತ್ತಿ ಎಡಕ್ಕೆ ನೋಡಿದರು. ಯಾರೂ ಇರಲಿಲ್ಲ. ತುತ್ತಿಗೆ ಹೋಗಿದ್ದ ಕೈ ಎಲೆಯ ಮೇಲೇ ನಿಂತಿತು.

ಹಿರಿಯರು ಎಲೆ ಮಡಚುವ ಮುನ್ನ ಪಂಕ್ತಿಯಲ್ಲಿ ಯಾರೂ ಏಳಬಾರದು. ಯಂತ್ರದ ಗಲಾಟೆಯಲ್ಲಿ ಎಲ್ಲರಿಗೂ ಅದು ಮರೆತೇಹೋಗಿತ್ತು. ಚಿಕ್ಕವಳಿದ್ದಾಗ ನಾನು ಒಮ್ಮೆ ಎದ್ದಿದ್ದಕ್ಕೆ ಬೆನ್ನ ಮೇಲೆ ಬಿದ್ದ ಏಟು ಇನ್ನೂ ನೆನಪಿದೆ. ಯಂತ್ರ ತಪ್ಪಿದಾಗ ಆಗಿದ್ದು ತಮಾಷೆ. ಸರಿಯಾಗಿ ನಡೆದಾಗ ಆಗಿದ್ದು ಅವಮಾನ.

ಗುರುಪಾದಪ್ಪನವರು ನಲ್ಲಿಯ ಹತ್ತಿರದಿಂದಲೇ ಗುಡುಗಿದರು. "ಏನ್ರೀ ಇದು! ನಮ್ಮಪ್ಪಾರ್ನ ಎಲೆ ಮುಂದೆ ಒಂಟಿ ಮಾಡಿ ಎಲ್ಲಾರ್ನೂ ಎಬ್ಬಿಸಿದ್ರಾ? ಉಣ್ಣೋ ಎಲೆ ಮರ್ಯಾದೆ ಗೊತ್ತಿಲ್ದ ಮನೆ ಹೆಣ್ಣು ನಮಗೆ ಬ್ಯಾಡ! ನಡೀರ್ಲ, ಬಸ್ ಹತ್ತಿ!"

ಯಜಮಾನರು ಕೈ ಮುಗಿದು ಬಾಗಿಲಿಗೆ ಅಡ್ಡ ನಿಂತರು. ಅವರನ್ನು ನಾನು ಹಾಗೆ ಯಾವತ್ತೂ ನೋಡಿರಲಿಲ್ಲ. ನನಗೆ ಅಳು ಬಂತು. ಷಡಕ್ಷರಿಯ ಮೀಸೆ ಇಳಿದಿತ್ತು.

ಅಷ್ಟರಲ್ಲಿ ಅಲಂಕಾರದ ಕೋಣೆಯಿಂದ ದಾಕ್ಷಿ ಬಂದಳು. ಒಂದು ಖಾಲಿ ಗಾಡಿಯನ್ನು ನಲ್ಲಿಯ ಹತ್ತಿರದಿಂದ ದರದರ ತಳ್ಳಿಕೊಂಡು ಹೋಗಿ ಅಜ್ಜನ ಗಾಡಿಯ ಪಕ್ಕದಲ್ಲಿ ಹಳಿಗೆ ಏರಿಸಿದಳು. ತಾನೇ ಎಲೆ ಹಾಸಿಕೊಂಡು ಕೂತಳು.

"ಅಜ್ಜ, ನಂದೂ ಊಟ ಆಗಿಲ್ಲ. ಜೊತೇಲಿ ಉಣ್ಣಾಣ."

ಅಜ್ಜ ನಕ್ಕರು. ಅದೇ ಗಳಿಗೆಗೆ ಕ್ಯಾಮೆರಾ ಕಣ್ಣು ಬಿಟ್ಟಿತು. ಖಾಲಿ ಎಲೆ! ಊಟ ಮುಗಿದಂತೆ! ನನ್ನ ಮಗಳು ಸುಯ್ಯೆಂದು ನಲ್ಲಿಗೆ!

ದಾಕ್ಷಿ ನನ್ನ ಮಗಳು. ಸೀರೆ ಎತ್ತಿ ಸಿಕ್ಕಿಸಿಕೊಂಡು ಗಾಡಿಯನ್ನು ಮತ್ತೆ ತಳ್ಳಿಕೊಂಡು ಬಂದಳು. ಕೂತಳು. ಬಡಿಸುವವನು ಅನ್ನದ ಪಾತ್ರೆ ಹಿಡಿದು ಓಡಿ ಬರುವಷ್ಟರಲ್ಲಿ ಮತ್ತೆ ಸುಯ್ಯೆಂದು ಹೋದಳು. ಅವನು ಪಾತ್ರೆ ಹಿಡಿದು ನಲ್ಲಿಗೆ ಓಡಿದ. ಅಷ್ಟರಲ್ಲಿ ಅವಳು ಗಾಡಿ ತಳ್ಳಿಕೊಂಡು ಇತ್ತ ಬಂದಿದ್ದಳು!

"ಮಾವಾ, ನಿನ್ನ ಮಿಷನ್‌ಗೆ ಬೆಂಕಿ ಹಾಕ!" ಎಂದು ಕಿರುಚಿದಳು.

"ಬೆಂಕಿ ತಾಗದ ಬಣ್ಣ ಬಳಿದಿದೀನಿ ಕಣವ್ವ!" ಎಂದ ಷಡಕ್ಷರಿ, ಅಳುವ ದನಿಯಲ್ಲಿ.

ಮೂರನೆಯ ಸಲ ಅವಳು ಕೂತಾಗ ಕ್ಯಾಮೆರಾ ಕಣ್ಣು ಬಿಡುವುದಕ್ಕೆ ಮೊದಲೇ ರೇವಣಪ್ಪಜ್ಜ ಎಡಗೈ ಚಾಚಿ, ತಮ್ಮ ಎಲೆಯ ತುದಿಯಲ್ಲಿದ್ದ ಮುಟ್ಟದ ಹೋಳಿಗೆಯನ್ನು ಎತ್ತಿ ಅವಳ ಎಲೆಗೆ ಹಾಕಿದರು.

"ಎಡಗೈ ಅನ್ಕಬ್ಯಾಡ ಮಗಾ. ಬಲಗೈ ಎಂಜಲಾಗೈತೆ."

ಕ್ಯಾಮೆರಾ ಕೆಂಪು ಕಣ್ಣು ಬಿಟ್ಟಿತು. ಎಲೆ ನೋಡಿತು. ಹೋಳಿಗೆ ನೋಡಿತು. ಸುಮ್ಮನಾಯಿತು. ದಾಕ್ಷಿಯ ಗಾಡಿ ಅಲುಗಾಡಲಿಲ್ಲ. ಅಜ್ಜ, ಮೊಮ್ಮಗಳು ಇಬ್ಬರೂ ಹೋ ಎಂದು ನಕ್ಕರು. ಮೊಮ್ಮಗಳು ಎಂದು ಆಗಲೇ ನನ್ನ ಬಾಯಲ್ಲಿ ಬಂದುಬಿಟ್ಟಿದೆ, ಇರಲಿ.

ಆಮೇಲೆ ಅಜ್ಜ ಮಗನ ಕಡೆ ತಿರುಗಿದರು. ದನಿ ಏರಿಸಲಿಲ್ಲ.

"ಲೋ ಗುರುಪಾದ, ನಮ್ಮನೇಲಿ ಈ ಮಿಷನ್ ಎಲ್ಲಿ ಮಡಗಿದೀಯೋ?"

"ನಮ್ಮನೇಲಾ? ಏನಪ್ಪ ಹಂಗಂದ್ರೆ? ನಮ್ಮನೇಲಿ ಎಲ್ಲೈತೆ?"

"ಮತ್ತೆ ದಿನಾ ನಾನೊಬ್ನೇ ಕೊನೇಲಿ ಕೂತಿರ್ತೀನಲ್ಲ? ನೀನು ಉಂಡು ಎದ್ದೋಗ್ತೀಯ, ನಿನ್ನ ಹೆಂಡ್ತಿ ಎದ್ದೋಗ್ತಾಳೆ, ಹುಡುಗ ನಿಂತ್ಕಂಡೇ ಉಣ್ತಾನೆ. ನಾನು ತಲೆ ಎತ್ತೋ ಹೊತ್ಗೆ ದೀಪನೂ ಆರ್ಸಿರ್ತೀರ. ಇಲ್ಲಿ ಮಿಷನ್ ಎಬ್ಬಿಸ್ತು ಅಂತ ಇವ್ರ ಮೇಲೆ ಕೂಗಾಡ್ತೀಯ. ಅಲ್ಲಿ ನಿನ್ನನ್ನ ಯಾರು ಎಬ್ಬಿಸ್ತಾರೆ?"

ಗುರುಪಾದಪ್ಪನವರ ಕೈಯಿಂದ ನೀರು ತೊಟ್ಟಿಕ್ಕುತ್ತಿತ್ತು. ಒರೆಸಿಕೊಳ್ಳಲೂ ಅವರಿಗೆ ತೋಚಲಿಲ್ಲ.

"ನಾನು ಹೊರಡಾಕಿಲ್ಲ," ಎಂದರು ಅಜ್ಜ, ಮತ್ತೊಂದು ತುತ್ತು ಕಲೆಸುತ್ತಾ. "ಈ ಹುಡುಗಿ ಮೂರು ಸಲ ಗಾಡಿ ತಳ್ಕಂಡು ಬಂದು ನನ್ನ ಪಕ್ಕ ಕೂತ್ಲು. ಇಂಥಾವ್ಳು ನಮ್ಮನೇಗೆ ಬೇಕು. ನಿನಗೆ ಬ್ಯಾಡಾದ್ರೆ ನೀನು ಬಸ್ ಹತ್ತು."

ಮೊದಲು ಹುಡುಗ ಒಂದು ಗಾಡಿ ತಳ್ಳಿಕೊಂಡು ಬಂದು ದಾಕ್ಷಿಯ ಪಕ್ಕ ನಿಲ್ಲಿಸಿದ. ಅವನ ಹಿಂದೆ ಅವನಮ್ಮ ಬಂದರು, ಪಾಯಸದ ಸೀರೆಯಲ್ಲೇ. ಗುರುಪಾದಪ್ಪನವರು ಪಂಚೆಗೆ ಕೈ ಒರೆಸಿಕೊಂಡರು. ಆಮೇಲೆ ಅವರೂ ತಳ್ಳಿದರು. ಅಷ್ಟು ದೊಡ್ಡ ಮನುಷ್ಯ ಬೆನ್ನು ಬಗ್ಗಿಸಿ ಗಾಡಿ ತಳ್ಳುವುದನ್ನು ನೋಡಿ ನನಗೆ ಕೋಪವೆಲ್ಲ ಇಳಿಯಿತು.

ಹೀಗೆ ಒಬ್ಬೊಬ್ಬರಾಗಿ ಇಡೀ ಪಂಕ್ತಿ ಮತ್ತೆ ಕೂತಿತು. ಹೊಟ್ಟೆ ತುಂಬಿದವರೆಲ್ಲ ಎಲೆಯ ಮೇಲೆ ಒಂದು ಚೂರು ಉಪ್ಪಿನಕಾಯಿ ಹಾಕಿಸಿಕೊಂಡು ಅದನ್ನು ಕಾಯುತ್ತಾ ಮಾತಿಗೆ ಕೂತರು. ಹುಡುಗನ ಸೋದರಮಾವನಿಗೆ ತುಪ್ಪ ಸಿಕ್ಕಿತು. ಮೇಷ್ಟ್ರಿಗೆ ಅನ್ನ ಸಿಕ್ಕಿತು. ಕ್ಯಾಮೆರಾ ಕೆಂಪು ಕಣ್ಣು ಬಿಟ್ಟು ಬಿಟ್ಟು ನೋಡಿತು. ಎಳೆಯಲು ಅದಕ್ಕೆ ಒಬ್ಬರೂ ಸಿಗಲಿಲ್ಲ. ಅಜ್ಜ ಬೇಕೆಂದೇ ಇನ್ನೂ ನಿಧಾನ ಮಾಡಿದರು ಎಂದು ನನ್ನ ಅನುಮಾನ. ಕೊನೆಗೆ ಮಜ್ಜಿಗೆ ಕುಡಿದು ಅವರು ಎಲೆ ಮಡಚಿದಾಗ ಎಲ್ಲರೂ ಒಟ್ಟಿಗೆ ಮಡಚಿ, ಯಂತ್ರಕ್ಕೆ ಅವಕಾಶವನ್ನೇ ಕೊಡದೆ, ತಮ್ಮ ಕಾಲ ಮೇಲೆ ತಾವೇ ಎದ್ದು ನಡೆದರು. ಒಟ್ಟಿಗೆ ಎದ್ದರೆ ಯಾರ ಜಾಗವೂ ಯಾರ ಕೆಳಗಿನಿಂದಲೂ ಸರಿಯುವುದಿಲ್ಲ. ನಮ್ಮ ಹಿಂದಿನವರು ಪ್ರೋಗ್ರಾಮ್ ಬರೆಯದಿದ್ದರೂ ಇದನ್ನು ಯೋಚಿಸಿಯೇ ಇಟ್ಟಿದ್ದರೋ ಏನೋ.

ಯಂತ್ರಕ್ಕೆ ಮಾತ್ರ ಈಗ ಹಬ್ಬ! ಇಡೀ ಸಾಲಿನ ಎಲೆ ಮಡಚಿದೆ! ಬಾಲದಿಂದ ಶುರುವಾಗಿ ಖಾಲಿ ಗಾಡಿಗಳು ಒಂದರ ಹಿಂದೊಂದು ಕೈ ತೊಳೆಯಲು ಹೊರಟವು. ಮೊದಲ ಪಂಕ್ತಿಯೆಲ್ಲ ಭವನದ ಮುಂದಿನ ಚಾವಡಿಗೆ ಹೋಗಿ ತಾಂಬೂಲಕ್ಕೆ ಕೂತರೂ ಗಾಡಿಗಳ ಮೆರವಣಿಗೆ ನಡೆದೇ ಇತ್ತು. ಅಲ್ಲಿ ತಾಂಬೂಲ ಬದಲಾಯಿತು, ಮಂಗಳವಾದ್ಯ ಮೊಳಗಿತು. ನಾನು ಕಣ್ಣೊರೆಸಿಕೊಂಡು ತಮ್ಮನನ್ನು ಹುಡುಕಿಕೊಂಡು ಬಂದೆ. ಸಾಲಿನಲ್ಲಿ ಸೊನ್ನೆಯ ಜಾಗದ ಗಾಡಿಯೊಂದೇ ಉಳಿದಿತ್ತು. ಎಲ್ಲಿ ಎಡವಿದೆನೆಂದು ಯೋಚಿಸುತ್ತಾ ಷಡಕ್ಷರಿ ಅದರ ಮೇಲೆ ತಲೆ ತಗ್ಗಿಸಿ ಕೂತಿದ್ದ. ನಾನು ಕೂಗಿ ಹೇಳುವಷ್ಟರಲ್ಲಿ ಸುಯ್ಯೆಂದಿತು! ನಲ್ಲಿಯ ಮುಂದೆ ಗಾಡಿಗಳ ರಾಶಿಯ ಮೇಲೆ ಅವನು ಧೊಪ್ಪೆಂದು ಹೋಗಿ ಬಿದ್ದ. ನಲ್ಲಿ ಮುರಿದು ನೀರು ಮೇಲಕ್ಕೆ ಚಿಮ್ಮಿತು. ಸಾಲು ಬರಿದಾಯಿತು. ಕೆಂಪು ಕಣ್ಣು ತೃಪ್ತಿಯಿಂದ ಮುಚ್ಚಿಕೊಂಡಿತು.

ಯಜಮಾನರು ಬಂದು ಅವನನ್ನು ರಟ್ಟೆ ಹಿಡಿದು ಎಬ್ಬಿಸಿದರು. ಬೈಯುತ್ತಾರೆಂದು ನಾನು ನಡುವೆ ನಿಲ್ಲಲು ಹೋದೆ.

"ಊಟ ಆಯ್ತೇನಯ್ಯ?" ಎಂದರು.

"ಇಲ್ಲ ಭಾವ."

ನಮ್ಮ ಯಜಮಾನರು ನೆಲದ ಮೇಲೆ ಎರಡು ಎಲೆ ಹಾಸಿದರು. ಒಂದರ ಮುಂದೆ ಅವನನ್ನು ಕೂರಿಸಿ, ಇನ್ನೊಂದರ ಮುಂದೆ ತಾವು ಕೂತರು.

"ಬಡಿಸೇ. ಇವನು ಏಳೋವರೆಗೂ ನಾನೂ ಏಳಲ್ಲ. ಬಿಟ್ರೆ ಇನ್ನೊಂದು ಮಾಡ್ತಾನೆ."